ಉಪವಾಸದ ರಾತ್ರಿ ಲಿವರ್ ಏನು ಮಾಡುತ್ತದೆ?

ಮುಂಬಯಿಯಲ್ಲಿ ನಲವತ್ತು ದಾಟಿದವರ ಸೋನೋಗ್ರಫಿ ರಿಪೋರ್ಟಿನಲ್ಲಿ ‘ಗ್ರೇಡ್ ಒನ್ ಫ್ಯಾಟಿ ಲಿವರ್’ ಎಂಬ ಸಾಲು ಈಗ ಮಾಮೂಲಿ. ಕಂಪನಿಯ ವಾರ್ಷಿಕ ತಪಾಸಣೆಗೆಂದೋ ಹೊಟ್ಟೆನೋವೆಂದೋ ಹೋದವರು ಆ ಸಾಲನ್ನು ಹೊತ್ತುಕೊಂಡು ಮನೆಗೆ ಬರುತ್ತಾರೆ. ಕುಡಿಯುವವರಾದರೆ ಕಾರಣ ಹುಡುಕುತ್ತಾ ಕೂರಬೇಕಿಲ್ಲ. ಆದರೆ ಒಂದು ಹನಿ ಮುಟ್ಟದವರಿಗೆ, ಅದರಲ್ಲೂ ತೆಳ್ಳಗಿರುವವರಿಗೆ, ಇದು ಅವಮಾನದಂತೆ ತಟ್ಟುತ್ತದೆ. ‘ಹೋಟೆಲಿನಿಂದ ರಾತ್ರಿ ತಡವಾಗಿ ಬರುತ್ತಾರಲ್ಲ...’ ಎಂದು ಮನೆಯವರ ಮನಸ್ಸಿನಲ್ಲೂ ಒಂದು ಸಂಶಯ ಸುಳಿದುಹೋಗುತ್ತದೆ.

ಆ ಸಂಶಯ ಅನ್ಯಾಯದ್ದು. ಮದ್ಯವಿಲ್ಲದೆಯೂ ಲಿವರಿನಲ್ಲಿ ಕೊಬ್ಬು ಸೇರುತ್ತದೆ, ದಕ್ಷಿಣ ಏಷ್ಯಾದವರಲ್ಲಂತೂ ತೂಕ ಹೆಚ್ಚಿಲ್ಲದಿದ್ದರೂ ಸೇರುತ್ತದೆ. ಇನ್ನೂ ವಿಚಿತ್ರವೆಂದರೆ, ಊಟ ಬಿಟ್ಟಾಗಲೂ ಸೇರುತ್ತದೆ.

ಏಕಾದಶಿಯ ನಿರಾಹಾರವನ್ನೇ ತೆಗೆದುಕೊಳ್ಳಿ. ಊಟ ನಿಂತು ಕೆಲವು ಗಂಟೆಗಳಾದ ಮೇಲೆ ರಕ್ತದಲ್ಲಿ ಇನ್ಸುಲಿನ್ ಇಳಿಯುತ್ತದೆ. ಹೊಟ್ಟೆ, ಸೊಂಟದ ಸುತ್ತ ಕೂಡಿಟ್ಟ ಕೊಬ್ಬು ಕರಗಿ, ಕೊಬ್ಬಿನಾಮ್ಲಗಳಾಗಿ ರಕ್ತಕ್ಕೆ ಇಳಿಯುತ್ತದೆ. ಅದರಲ್ಲಿ ದೊಡ್ಡ ಪಾಲು ಬಂದು ಸೇರುವುದು ಲಿವರಿಗೆ. ಜೀವಕೋಶಕ್ಕೆ ಹಸಿವು ಒಂದು ಒತ್ತಡ, ಅಂದರೆ ಸ್ಟ್ರೆಸ್. ಆ ಹೊತ್ತಿಗೆ ಇಂಧನವೂ ಬೇಕು, ಬಂದ ಇಂಧನದಿಂದ ಅಪಾಯವೂ ಆಗಬಾರದು. ಬಿಡಿಬಿಡಿಯಾದ ಕೊಬ್ಬಿನಾಮ್ಲಗಳು ಸೋಪಿನ ಸಂಬಂಧಿಗಳು. ಹೆಚ್ಚಾದರೆ ಜೀವಕೋಶದ ಪೊರೆಗಳನ್ನೇ ಕೆಡಿಸುತ್ತವೆ. ಅದಕ್ಕೇ ಲಿವರಿನ ಕೋಶ ಅವನ್ನು ಟ್ರೈಗ್ಲಿಸರೈಡ್ ಆಗಿ ಕಟ್ಟಿ, ಸುತ್ತ ತೆಳುವಾದ ಪೊರೆ ಹೊದಿಸಿ, ಸಣ್ಣ ಸಣ್ಣ ಹನಿಗಳಲ್ಲಿ ಭದ್ರವಾಗಿಡುತ್ತದೆ. ಬೇಕಾದಷ್ಟನ್ನು ಅಲ್ಲೇ ಉರಿಸಿ, ಮೆದುಳಿಗೂ ಹೃದಯಕ್ಕೂ ಕೀಟೋನು ಕಳಿಸುತ್ತದೆ. ಸೋನೋಗ್ರಫಿಯಲ್ಲಿ ಬೆಳ್ಳಗೆ ಕಾಣುವ ಆ ಕೊಬ್ಬು ಮೂಲದಲ್ಲಿ ಆಪತ್ಕಾಲದ ಗೋದಾಮು.

ಇಲ್ಲೊಂದು ಒಗಟಿದೆ. ಲಿವರ್ ಕೊಬ್ಬನ್ನು ರಕ್ತಕ್ಕೂ ಕಳಿಸಿಕೊಡುವ ಅಂಗ. ರಿಪೋರ್ಟಿನಲ್ಲಿ ಕಾಣುವ ಟ್ರೈಗ್ಲಿಸರೈಡಿನ ಒಂದು ಪಾಲು ಅಲ್ಲಿಂದಲೇ ಬಂದದ್ದು. ಹಾಗಿದ್ದಮೇಲೆ ಉಪವಾಸದಲ್ಲಿ ಗೋದಾಮು ತುಂಬಿ ತುಳುಕುವಾಗ ಅದೆಲ್ಲ ರಕ್ತಕ್ಕೆ ನುಗ್ಗಬೇಕಿತ್ತಲ್ಲ? ಹಾಗಾಗುವುದಿಲ್ಲ. ಏಕೆ?

ಉತ್ತರ ಸಿಕ್ಕಿದ್ದು ನಮ್ಮದೇ ಊರಿನಲ್ಲಿ, ಕೊಲಾಬಾದ ನೇವಿ ನಗರದಾಚೆ ಸಮುದ್ರಕ್ಕೆ ಮುಖ ಮಾಡಿ ನಿಂತ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚಿನಲ್ಲಿ. (ಅದೂ ನಮ್ಮ ಹಾಗೆ ವಲಸೆ ಬಂದದ್ದೇ. ಹೋಮಿ ಭಾಭಾ ಅದನ್ನು 1945ರಲ್ಲಿ ಆರಂಭಿಸಿದ್ದು ಬೆಂಗಳೂರಿನಲ್ಲಿ. ಅದೇ ವರ್ಷ ಮುಂಬಯಿಗೆ ಸಾಗಿಸಿದರು.) ಅಲ್ಲಿದ್ದು ಈಗ ಪವಾಯಿಯ ಐಐಟಿಗೆ ಹೋಗಿರುವ ರೂಪ್ ಮಲಿಕ್ ಭೌತಶಾಸ್ತ್ರದಿಂದ ಜೀವಶಾಸ್ತ್ರಕ್ಕೆ ಬಂದವರು, 2018ರ ಇನ್ಫೋಸಿಸ್ ಪ್ರಶಸ್ತಿ ಪಡೆದವರು. ಜೀವಕೋಶದೊಳಗೆ ಸರಕು ಹೊರುವ ‘ಮೋಟಾರ್ ಪ್ರೋಟೀನು’ಗಳು ಎಷ್ಟು ಬಲ ಹಾಕಿ ಎಳೆಯುತ್ತವೆ ಎಂದು ಲೇಸರ್ ಬೆಳಕಿನಲ್ಲಿ ಅಳೆಯುವುದು ಅವರ ಕೆಲಸ. ಅವುಗಳಲ್ಲಿ ಒಂದರ ಹೆಸರು ಕೈನೆಸಿನ್. ವಾಶಿ ಮಾರ್ಕೆಟಿನ ಮಾಥಾಡಿ ಕೆಲಸಗಾರನಂತೆ ಅದು ಮೂಟೆ ಹೊತ್ತು ಕೋಶದೊಳಗಿನ ನಳಿಗೆಗಳ ಮೇಲೆ ನಡೆಯುತ್ತದೆ. ಒಂದೊಂದು ಹೆಜ್ಜೆ 8 ನ್ಯಾನೋಮೀಟರ್.

ಮಲಿಕ್ ಅವರ ತಂಡ ಇಲಿಗಳ ಲಿವರಿನಿಂದ ಕೊಬ್ಬಿನ ಹನಿಗಳನ್ನು ಬೇರ್ಪಡಿಸಿ ನೋಡಿತು. ಉಂಡ ಇಲಿಯ ಹನಿಗಳನ್ನು ಕೈನೆಸಿನ್ ಚುರುಕಾಗಿ ಎಳೆಯುತ್ತಿತ್ತು; ಉಪವಾಸವಿದ್ದ ಇಲಿಯ ಹನಿಗಳು ಹೆಚ್ಚುಕಡಿಮೆ ನಿಂತಲ್ಲೇ ನಿಂತಿದ್ದವು. 2017 ಮತ್ತು 2019ರಲ್ಲಿ ಪ್ರಕಟವಾದ ಲೇಖನಗಳಲ್ಲಿ ಕಾರಣ ಬಿಚ್ಚಿಟ್ಟರು. ಊಟವಾದ ಮೇಲೆ ಇನ್ಸುಲಿನ್ ಏರಿದಾಗ ಹನಿಯ ಮೇಲ್ಮೈಯಲ್ಲಿ ಫಾಸ್ಫಾಟಿಡಿಕ್ ಆಮ್ಲವೆಂಬ ಕೊಬ್ಬು ಮೂಡುತ್ತದೆ. ಕೈನೆಸಿನ್ ಹಿಡಿದುಕೊಳ್ಳಲು ಅದೇ ಕೊಂಡಿ. ಆಗ ಹನಿ ಕೋಶದ ಅಂಚಿನತ್ತ ಸಾಗಿ, ಅಲ್ಲಿ ಬಿಚ್ಚಿ, ರಕ್ತಕ್ಕೆ ಹೋಗುವ ಕಣಗಳಲ್ಲಿ ಮತ್ತೆ ಪ್ಯಾಕ್ ಆಗುತ್ತದೆ. ಉಪವಾಸದಲ್ಲಿ ಇನ್ಸುಲಿನ್ ಇಳಿದರೆ ಕೊಂಡಿ ಇಲ್ಲ, ಹೊರುವವನಿಲ್ಲ. ಗೋದಾಮು ತುಂಬಿದ್ದರೂ ಟೆಂಪೋ ಹೊರಡುವುದಿಲ್ಲ. ದ್ವಾದಶಿಯ ಪಾರಣೆಯಾಯಿತೋ, ಮಾಥಾಡಿ ಮತ್ತೆ ಹಾಜರ್!

ಹಸಿವಿನ ಒತ್ತಡಕ್ಕೆ ಇನ್ನೊಂದು ಕಾವಲುಗಾರ ‘ಸರ್ಟ್-1’ ಎಂಬ ಪ್ರೋಟೀನು. ಇದರ ಮೇಲೆ ಕೆಲಸ ಮಾಡಿದ್ದು ಅದೇ ಸಂಸ್ಥೆಯಲ್ಲಿದ್ದ ಉಲ್ಲಾಸ್ ಕೊಲ್ತೂರ್ ಸೀತಾರಾಂ ಅವರ ತಂಡ. ಉಪವಾಸದಲ್ಲಿ ಸರ್ಟ್-1 ಕೊಬ್ಬು ಉರಿಸುವ ಜೀನುಗಳನ್ನು ಎಬ್ಬಿಸುತ್ತದೆ. ಊಟವಾದ ಮೇಲೆ ಸಕ್ಕರೆಯಿಂದ ಹುಟ್ಟಿದ ಒಂದು ಅಣು ಅದಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ ಎಂದು ಅವರು 2020ರಲ್ಲಿ ತೋರಿಸಿದರು. ಎರಡು ಸಂಶೋಧನೆಗಳೂ ಹೇಳುವುದು ಒಂದೇ ಮಾತು: ಲಿವರ್ ಪಾಳಿಯಲ್ಲಿ ಕೆಲಸ ಮಾಡುತ್ತದೆ, ಉಂಡ ಪಾಳಿ ಒಂದು, ಹಸಿದ ಪಾಳಿ ಇನ್ನೊಂದು.

ಈಗ ನಮ್ಮ ದಿನಚರಿ ನೋಡಿ. ಬೆಳಿಗ್ಗೆ ಆರರ ಚಹಾ, ಲೋಕಲ್ ಹತ್ತುವ ಮುಂಚೆ ವಡಾಪಾವ್, ಆಫೀಸಿನಲ್ಲಿ ಎರಡು ಕಟಿಂಗ್, ರಾತ್ರಿ ಹನ್ನೊಂದಕ್ಕೆ ಊಟ. ಹಸಿದ ಪಾಳಿ ಬರುವುದು ಯಾವಾಗ? ಹೆಚ್ಚಾದ ಸಕ್ಕರೆಯನ್ನೂ ಲಿವರ್ ಕೊಬ್ಬಾಗಿಯೇ ಪರಿವರ್ತಿಸುತ್ತದೆ. ಹೀಗೆ ತಯಾರಾಗುವುದು ಮುಖ್ಯವಾಗಿ ಪಾಮಿಟಿಕ್ ಆಮ್ಲ. ಕರಿಯಲು ಬಳಸುವ ಪಾಮೋಲಿನ್ ಎಣ್ಣೆಯಲ್ಲೂ ಅದೇ ಧಾರಾಳ.

ಈ ಆಮ್ಲ ಜಿಗುಟು ಸ್ವಭಾವದ್ದು. ಪ್ರಯೋಗಾಲಯದಲ್ಲಿ ಜೀವಕೋಶಗಳಿಗೆ ಬರೀ ಪಾಮಿಟಿಕ್ ಆಮ್ಲ ಹಾಕಿದರೆ ಅವು ಸಾಯುತ್ತವೆ. ಜೊತೆಗೆ ಶೇಂಗಾ ಎಣ್ಣೆಯಲ್ಲಿ ಹೇರಳವಾಗಿರುವ ಓಲಿಯಿಕ್ ಆಮ್ಲ ಸೇರಿಸಿದರೆ ಉಳಿಯುತ್ತವೆ. ಓಲಿಯಿಕ್ ಇದ್ದಾಗ ಎಲ್ಲವೂ ಸಲೀಸಾಗಿ ಹನಿಯೊಳಗೆ ಸೇರಿ ಭದ್ರವಾಗುತ್ತದೆ. ಇಲ್ಲದಿದ್ದರೆ ಪಾಮಿಟಿಕ್ ಆಮ್ಲ ಪೊರೆಗಳಲ್ಲಿ ಸೇರಿ ಅವನ್ನು ಬಿರುಸಾಗಿಸುತ್ತದೆ. (ಬಟ್ಟಲಿನ ಪ್ರಯೋಗ ತಟ್ಟೆಯ ಊಟವಲ್ಲ. ಹಾಗಾಗಿ ಎಣ್ಣೆಯ ಡಬ್ಬ ಬದಲಿಸಿದ ಮಾತ್ರಕ್ಕೆ ಲಿವರ್ ಸರಿಹೋದೀತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.)

ಮೊದಲು ತೊಂದರೆಗೆ ಸಿಕ್ಕುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್, ಚಿಕ್ಕದಾಗಿ ಇ.ಆರ್. ಪ್ರೋಟೀನುಗಳನ್ನು ಮಡಚಿ ಆಕಾರ ಕೊಡುವುದೂ ಇಲ್ಲೇ, ಕೊಬ್ಬಿನ ಹನಿ ಹುಟ್ಟುವುದೂ ಇಲ್ಲೇ. ಪೊರೆ ಬಿರುಸಾದರೆ, ಸರಿಯಾಗಿ ಮಡಚದ ಪ್ರೋಟೀನು ರಾಶಿ ಬಿದ್ದರೆ, ಇ.ಆರ್. ಅಪಾಯದ ಗಂಟೆ ಬಾರಿಸುತ್ತದೆ. ಆ ಗಂಟೆಯ ವ್ಯವಸ್ಥೆಯನ್ನು ಬಿಡಿಸಿದ ಜಪಾನಿನ ಕಜುತೋಶಿ ಮೋರಿ ಮತ್ತು ಅಮೆರಿಕದ ಪೀಟರ್ ವಾಲ್ಟರ್ ಅವರಿಗೆ 2014ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಗಂಟೆ ಬಾರಿಸಿದೊಡನೆ ಹೊಸ ಪ್ರೋಟೀನಿನ ತಯಾರಿಕೆ ತಗ್ಗುತ್ತದೆ, ದುರಸ್ತಿಯವರು ಬರುತ್ತಾರೆ, ಇ.ಆರ್. ತನ್ನ ಜಾಗವನ್ನೇ ಹಿಗ್ಗಿಸಿಕೊಳ್ಳುತ್ತದೆ. ಹಿಗ್ಗಲು ಹೊಸ ಪೊರೆ ಬೇಕು, ಪೊರೆಗೆ ಕೊಬ್ಬು ಬೇಕು. ಹಾಗಾಗಿ ಅದೇ ತುರ್ತು ಸಂದೇಶಗಳಲ್ಲಿ ಕೆಲವು ಕೊಬ್ಬು ತಯಾರಿಸುವ ಜೀನುಗಳನ್ನೂ ಎಬ್ಬಿಸುತ್ತವೆ. ಕೊಬ್ಬಿನಿಂದ ಒತ್ತಡ, ಒತ್ತಡದಿಂದ ಮತ್ತಷ್ಟು ಕೊಬ್ಬು. ಒಂದೆರಡು ದಿನವಾದರೆ ಚಿಂತೆಯಿಲ್ಲ. ವರ್ಷಗಟ್ಟಲೆ ನಡೆದರೆ ಕೋಶಗಳು ಸಾಯತೊಡಗುತ್ತವೆ, ಉರಿಯೂತವಾಗುತ್ತದೆ, ಲಿವರಿನಲ್ಲಿ ಗಾಯದ ಕಲೆ ಕೂಡುತ್ತದೆ. ಇದಕ್ಕೇ ಫೈಬ್ರೋಸಿಸ್ ಎನ್ನುವುದು. ವೈದ್ಯರು ಹೆದರುವುದು ಕೊಬ್ಬಿಗಿಂತ ಹೆಚ್ಚಾಗಿ ಈ ಕಲೆಗೆ.

ಕೇಂದ್ರ ಸರ್ಕಾರ 2021ರಲ್ಲಿ ಫ್ಯಾಟಿ ಲಿವರನ್ನು ಮಧುಮೇಹ, ರಕ್ತದೊತ್ತಡಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿತು. 2023ರಲ್ಲಿ ವೈದ್ಯಲೋಕ ಕಾಯಿಲೆಯ ಹೆಸರನ್ನೂ ಬದಲಿಸಿತು. ‘ಮದ್ಯವಲ್ಲದ ಫ್ಯಾಟಿ ಲಿವರ್’ ಎಂಬುದರಿಂದ ಮದ್ಯದ ಮಾತನ್ನೇ ತೆಗೆದು, ದೇಹದ ಚಯಾಪಚಯಕ್ಕೆ ಗಂಟು ಹಾಕಿತು. ಮನೆಯವರ ಸಂಶಯಕ್ಕೆ ಉತ್ತರವಾಗಿ ಅದನ್ನೂ ತೋರಿಸಬಹುದು.

ತೂಕ ಹೆಚ್ಚಿದ್ದವರು ನೂರಕ್ಕೆ 7ರಿಂದ 10ರಷ್ಟು ಇಳಿಸಿದರೆ ಲಿವರಿನ ಉರಿಯೂತವೂ ತಗ್ಗುತ್ತದೆ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಇದನ್ನೋದಿ ತಾವಾಗಿಯೇ ಉಪವಾಸ ಶುರುಮಾಡಬಾರದು; ಡಾಕ್ಟರನ್ನು ಕೇಳಲೇಬೇಕು. ಹಾಗೆ ಹೋದಾಗ ಇನ್ನೊಂದನ್ನೂ ಕೇಳಿ: ‘ನನ್ನ ಫಿಬ್-ಫೋರ್ ಎಷ್ಟು?’ ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಎಂಬ ನಾಲ್ಕು ಅಂಕಿಗಳಿಂದ ಮಾಡುವ ಲೆಕ್ಕ ಅದು. ನಾಲ್ಕೂ ಸಾಮಾನ್ಯವಾಗಿ ನಿಮ್ಮ ತಪಾಸಣೆಯ ರಿಪೋರ್ಟಿನಲ್ಲೇ ಇರುತ್ತವೆ. 65ರೊಳಗಿನವರಿಗೆ ಉತ್ತರ 1.3ಕ್ಕಿಂತ ಕಡಿಮೆ ಬಂದರೆ ಗಂಭೀರವಾದ ಕಲೆ ಇರುವ ಸಾಧ್ಯತೆ ಕಡಿಮೆ. ಹೆಚ್ಚು ಬಂದರೆ ಫೈಬ್ರೋಸ್ಕ್ಯಾನ್ ಮಾಡಿಸಲು ಹೇಳುತ್ತಾರೆ.