ಚಟ ಬಿಟ್ಟ ಮೇಲೆ

ನವಲಗುಂದದ ಕಡೆಯ ಎರೆನೆಲದಲ್ಲಿ ಕರಿಕೆ ಹೊಕ್ಕಿತೆಂದರೆ ಒಕ್ಕಲಿಗನಿಗೆ ಅದೊಂದು ದೊಡ್ಡ ಚಿಂತೆ. ಮೇಲೆ ಮೇಲೆ ಹರಗಿದರೆ ಹೊಲವು ಆ ಹೊತ್ತಿಗೆ ಸ್ವಚ್ಛವಾಗಿ ಕಾಣುತ್ತದೆ. ಒಂದು ಮಳೆ ಬಿದ್ದೊಡನೆ ನೆಲದೊಳಗೆ ಉಳಿದ ಬೇರು ಮತ್ತೆ ಚಿಗುರುತ್ತದೆ. ಬೇರನ್ನು ಅಗೆದು ತೆಗೆಯಬೇಕು. ತೆಗೆದ ಮೇಲೆಯೂ ಹೊಲದ ಮೇಲೆ ಕಣ್ಣಿಟ್ಟಿರಬೇಕು. ಕುಡಿತದ ಚಟವೂ ಹೀಗೆಯೇ. ಬಿಡುವುದು ಒಂದು ದಿನದ ಕೆಲಸ. ಬಿಟ್ಟದ್ದನ್ನು ಉಳಿಸಿಕೊಳ್ಳುವುದು ವರ್ಷಗಳ ಕೆಲಸ. ಮೊದಲನೆಯದರ ಬಗ್ಗೆ ನಮ್ಮಲ್ಲಿ ಉಪದೇಶಗಳಿಗೆ ಬರವಿಲ್ಲ. ಎರಡನೆಯದರ ಬಗ್ಗೆ ನಿಮ್ಮೊಡನೆ ನಾಲ್ಕು ಮಾತು ಆಡಬೇಕಾಗಿದೆ.

ತಿರ್ಲಾಪುರದಂಥ ಒಂದು ಊರನ್ನು ಕಣ್ಣ ಮುಂದೆ ತಂದುಕೊಳ್ಳಿರಿ. ನವಲಗುಂದ ತಾಲೂಕಿನ ಒಕ್ಕಲುತನದ ಊರು ಅದು. ಇಂಥ ಊರಿನಲ್ಲಿ ಒಬ್ಬನು ಕುಡಿಯುತ್ತಾನೆಂಬುದು ಎಲ್ಲರಿಗೂ ಗೊತ್ತು, ಬಿಟ್ಟನೆಂಬುದೂ ಗೊತ್ತು, ಮತ್ತೆ ಹಿಡಿದನೆಂಬುದು ಎಲ್ಲಕ್ಕಿಂತ ಬೇಗ ಗೊತ್ತಾಗುತ್ತದೆ. ಆದರೆ ಬಿಟ್ಟ ದಿನಕ್ಕೂ ಮತ್ತೆ ಹಿಡಿದ ದಿನಕ್ಕೂ ನಡುವೆ ಅವನು ಏನನ್ನು ಅನುಭವಿಸಿದ, ಯಾರು ಅವನ ಜೊತೆಗಿದ್ದರು ಎಂಬುದನ್ನು ವಿಚಾರಿಸುವವರು ಕಡಿಮೆ. ಪೇಟೆಯಲ್ಲಿರುವ ನೀವು ಇದು ಹಳ್ಳಿಯ ಮಾತೆಂದು ಪುಟ ತಿರುವಬೇಡಿರಿ. ಪೇಟೆಯಲ್ಲಿ ಕುಡಿತ ಬಾಗಿಲು ಮುಂದೆ ಮಾಡಿಕೊಂಡು ಕೂಡುತ್ತದೆ, ವ್ಯತ್ಯಾಸವಿರುವುದು ಅಷ್ಟೇ. ಭಾರತ ಸರಕಾರವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 5.7 ಕೋಟಿ ಜನರಿಗೆ ಅದರಿಂದ ಬಿಡಿಸಿಕೊಳ್ಳಲು ನೆರವು ಬೇಕಾಗಿದೆ. ಆದರೆ ಮದ್ಯಕ್ಕೆ ದಾಸರಾದ 38 ಜನರಲ್ಲಿ ಚಿಕಿತ್ಸೆ ಪಡೆದವನು ಒಬ್ಬ ಮಾತ್ರ. ಉಳಿದ 37 ಜನ ತಮ್ಮ ಮನೆಯವರ ಕೈಯಲ್ಲಿದ್ದಾರೆ, ನೆರೆಯವರ ಕೈಯಲ್ಲಿದ್ದಾರೆ, ಅಥವಾ ಯಾರ ಕೈಯಲ್ಲಿಯೂ ಇಲ್ಲ.

ಅಂಗಡಿ ಮುಚ್ಚಿದರೆ ಎಲ್ಲವೂ ಸರಿಹೋಗುವುದೆಂದು ಹಲವರು ನಂಬುತ್ತಾರೆ. ಧಾರವಾಡ ಜಿಲ್ಲೆಗೆ ಈ ಪ್ರಯೋಗ ಹೊಸದಲ್ಲ. ಜಿಲ್ಲೆಯು ಮುಂಬಯಿ ರಾಜ್ಯದಲ್ಲಿದ್ದಾಗ 1949ರ ಪಾನನಿರೋಧ ಕಾಯಿದೆ ಇಲ್ಲಿಗೂ ಬಂದಿತು. ಏಕೀಕರಣದ ಬಳಿಕ ನಮ್ಮ ರಾಜ್ಯದಲ್ಲಿ 1967ರಲ್ಲಿ ಪಾನನಿರೋಧವನ್ನು ಸಡಿಲಿಸಲಾಯಿತು. 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಇತರ ಮದ್ಯಗಳ ಮಾರಾಟ ಉಳಿಯಿತು. ಕಾಯಿದೆಯಿಂದ ಹೊಸಬರು ಚಟಕ್ಕೆ ಬೀಳುವುದು ಕಡಿಮೆಯಾದೀತು. ಆದರೆ ಈಗಾಗಲೇ ಬಿದ್ದವನನ್ನು ಎಬ್ಬಿಸಿ ನಡೆಸುವ ಕೆಲಸ ಕಾಯಿದೆಯಿಂದ ಆಗಲಾರದು. ಅದಕ್ಕೆ ಮನುಷ್ಯರೇ ಬೇಕು.

ಮೊದಲು ಶರೀರದ ಮಾತನ್ನು ಮುಗಿಸೋಣ, ಏಕೆಂದರೆ ಇಲ್ಲಿ ತಪ್ಪಿದರೆ ಪ್ರಾಣಕ್ಕೇ ಅಪಾಯ. ಹಲವು ವರ್ಷ ದಿನವೂ ಕುಡಿದವನ ಮಿದುಳು ಮದ್ಯಕ್ಕೆ ಹೊಂದಿಕೊಂಡುಬಿಟ್ಟಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಕೆಲವೇ ತಾಸುಗಳಲ್ಲಿ ಕೈನಡುಕ, ಬೆವರು, ವಾಂತಿ, ನಿದ್ದೆಗೇಡು ಪ್ರಾರಂಭವಾಗುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಮೂರ್ಛೆ ಬರುತ್ತದೆ. ಎರಡನೆಯ, ಮೂರನೆಯ ದಿನ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿ ಮಾತಾಡುವುದು, ಜ್ವರ ಏರುವುದು, ಹೀಗಾಗಿ ಸಾವೂ ಸಂಭವಿಸಬಹುದು. ಇದನ್ನು ದೆವ್ವ ಬಡಿಯಿತೆಂದು ತಿಳಿದು ತಾಯಿತ ಕಟ್ಟಿಸುತ್ತ ಕೂತರೆ ಹೊತ್ತು ಮೀರುತ್ತದೆ. ಆದುದರಿಂದ ಬೆಳಗ್ಗೆ ಎದ್ದೊಡನೆ ಕುಡಿಯದೆ ಕೈ ನಿಲ್ಲದವನು, ಹಿಂದೆ ಬಿಟ್ಟಾಗ ಮೂರ್ಛೆ ಹೋದವನು, ದೇವರ ಮುಂದೆ ಆಣೆ ಮಾಡುವ ಮೊದಲು ವೈದ್ಯರ ಮುಂದೆ ನಿಲ್ಲತಕ್ಕದ್ದು. ಒಂದು ವಾರದ ಔಷಧ, ಜೊತೆಗೆ ಥಯಮಿನ್ ಎಂಬ ಜೀವಸತ್ವ, ಇಷ್ಟರಿಂದ ಈ ಗಂಡಾಂತರವನ್ನು ಸಾಮಾನ್ಯವಾಗಿ ದಾಟಬಹುದು. ಧಾರವಾಡದಲ್ಲಿರುವ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ, ಅಂದರೆ ಜನರು ಡಿಮ್ಹಾನ್ಸ್ ಎಂದು ಕರೆಯುವ ಆಸ್ಪತ್ರೆ, ಈ ಭಾಗದವರಿಗೆ ಹತ್ತಿರದ ಆಸರೆ.

ಶರೀರ ತೊಳೆದುಹೋಯಿತು, ಇನ್ನು ಮನಸ್ಸು. ಆಸೆ ಎಂಬುದು ಹೊತ್ತು ನೋಡಿ ಬರುತ್ತದೆ. ಹೊಲದಿಂದ ತಿರುಗಿ ಬರುವ ಸಂಜೆ, ಸಂತೆಯ ದಿನ, ರಾಶಿಯ ಹಣ ಕೈಗೆ ಬಂದ ದಿನ, ಮದುವೆಯ ಮನೆ, ಸಾವಿನ ಮನೆ, ಹಳೆಯ ಗೆಳೆಯನ ಕೂಗು, ಇವೆಲ್ಲ ಅದು ಕಾದು ಕೂಡುವ ತಾವುಗಳು. ಸೆರೆ ಬಿಟ್ಟವನಿಗೆ ಎಲ್ಲಕ್ಕಿಂತ ಕಷ್ಟದ ವೇಳೆ ಸಂಜೆ ಏಳರಿಂದ ಒಂಬತ್ತರವರೆಗೆ ಎಂದರೆ ಸಲ್ಲುತ್ತದೆ. ಮೊದಲು ಆ ಎರಡು ತಾಸುಗಳಿಗೆ ಒಂದು ಅಂಗಡಿಯಿತ್ತು, ಒಂದು ಗುಂಪಿತ್ತು, ಒಂದು ನಗೆಯಿತ್ತು. ಈಗ ಏನಿದೆ? ಆ ಬರಿದನ್ನು ತುಂಬದೆ “ಬಿಡು, ಬಿಡು” ಎಂದು ಹೇಳುತ್ತ ಹೋಗುವುದು ಹಸಿದವನಿಗೆ ಹಸಿವನ್ನು ಮರೆ ಎಂದಂತೆ.

ಇಲ್ಲಿಯೇ ನಮ್ಮ ನಾಡಿನ ಮಠ, ಗುಡಿ, ದರ್ಗಾ, ಭಜನೆಯ ಮೇಳಗಳ ಕೆಲಸ ಪ್ರಾರಂಭವಾಗುವುದು. ಇದಕ್ಕೆ ಉತ್ತರ ಕರ್ನಾಟಕದ ದೊಡ್ಡ ಉದಾಹರಣೆ ಇಳಕಲ್ಲಿನ ಮಹಾಂತ ಶಿವಯೋಗಿಗಳದು. ಚಿತ್ತರಗಿ–ಇಳಕಲ್ಲಿನ ವಿಜಯ ಮಹಾಂತೇಶ ಸಂಸ್ಥಾನಮಠದ ಈ ಸ್ವಾಮಿಗಳು 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಹೊರಟರು. ಜಂಗಮನ ಜೋಳಿಗೆ ನಮಗೇನು ಹೊಸದೇ? ಆದರೆ ಈ ಜೋಳಿಗೆಗೆ ಕಾಳು ಬೇಡ, ಕಾಸು ಬೇಡ. ನಿಮ್ಮ ದುಶ್ಚಟವನ್ನು ಭಿಕ್ಷೆಯಾಗಿ ಹಾಕಿರಿ ಎಂದರು. ಕುಡಿತ, ಬೀಡಿ, ತಂಬಾಕು, ಗುಟಕಾ, ಯಾವುದಾದರೂ ಆದೀತು. ಊರೂರು ತಿರುಗಿದರು, ಓಣಿ ಓಣಿ ನಡೆದರು. “ಮಹಾಂತ ಜೋಳಿಗೆ” ಎಂಬ ಹೆಸರು ಮನೆಮಾತಾಯಿತು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರು ಹುಟ್ಟಿದ ದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತದೆ.

ಈ ಜೋಳಿಗೆಯಲ್ಲಿರುವ ಜಾಣ್ಮೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಕುಡುಕನು ಉಪದೇಶವನ್ನು ಕೇಳಿ ಕೇಳಿ ದಣಿದವನು. ಅವನಿಗೆ ಎಲ್ಲರೂ ಹೇಳುವವರೇ; ಅವನಲ್ಲಿ ಏನನ್ನಾದರೂ ಬೇಡುವವರು ಯಾರೂ ಇಲ್ಲ. ಗುರುವೇ ಅಂಗಳಕ್ಕೆ ಬಂದು ಬೇಡಿದಾಗ ಅವನು ಕೊಡುವವನಾಗುತ್ತಾನೆ. ಬಾಗಿದ ತಲೆ ಸ್ವಲ್ಪ ಮೇಲೇಳುತ್ತದೆ. ಎರಡನೆಯದಾಗಿ, ಕೊಟ್ಟದ್ದನ್ನು ಹಿಂದಕ್ಕೆ ಕೇಳಬಾರದು ಎಂಬುದು ನಮ್ಮಲ್ಲಿ ಕೂಸಿಗೂ ತಿಳಿದ ನೀತಿ. ಮೂರನೆಯದಾಗಿ, ಹೆಂಡತಿ, ಮಕ್ಕಳು, ಓಣಿಯ ಹಿರಿಯರು, ಎಲ್ಲರ ಕಣ್ಣೆದುರಿಗೆ ಮಾತು ಕೊಡುವುದಾಗುತ್ತದೆ. ಗುಟ್ಟಾಗಿ ಮಾಡಿದ ನಿರ್ಧಾರ ಗುಟ್ಟಾಗಿಯೇ ಮುರಿಯುತ್ತದೆ. ನಾಲ್ಕು ಜನರ ಮುಂದೆ ಆಡಿದ ಮಾತಿಗೆ ನಾಲ್ಕು ಜನರ ಆಧಾರವಿರುತ್ತದೆ.

ಆದರೂ ಜೋಳಿಗೆಗೆ ಹಾಕಿದ ದಿನ ಪಯಣದ ಮೊದಲ ದಿನವಷ್ಟೇ. ಮುಂದಿನ ದಿನಗಳ ವ್ಯವಸ್ಥೆಗೆ ಇನ್ನೊಂದು ಉದಾಹರಣೆ ಧರ್ಮಸ್ಥಳದ್ದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು 1982ರಲ್ಲಿ ಆರಂಭವಾಯಿತು. ಅದರ ಜೊತೆಗೆ ಜನಜಾಗೃತಿ ವೇದಿಕೆಯು ರಾಜ್ಯದ ಉದ್ದಗಲಕ್ಕೆ ಸಾವಿರಕ್ಕಿಂತ ಹೆಚ್ಚು ಮದ್ಯವರ್ಜನ ಶಿಬಿರಗಳನ್ನು ನಡೆಸಿದೆ. ಕುಡುಕನನ್ನು ದೂರದ ಆಸ್ಪತ್ರೆಗೆ ಕಳಿಸುವ ಬದಲು ಊರ ಸಮೀಪದಲ್ಲಿಯೇ ಸುಮಾರು ಎಂಟು ದಿನ ಒಟ್ಟಿಗೆ ಇರಿಸುತ್ತಾರೆ. ವೈದ್ಯರ ತಪಾಸಣೆ, ಬೆಳಗಿನ ಯೋಗ, ಭಜನೆ, ಆಪ್ತ ಸಲಹೆ, ಹಿಂದೆ ಬಿಟ್ಟವರ ಅನುಭವದ ಮಾತು, ಮನೆಯವರನ್ನು ಕರೆಸಿ ಮಾತಾಡಿಸುವ ದಿನ, ಇವೆಲ್ಲ ಅಲ್ಲಿವೆ. ಶಿಬಿರ ಮುಗಿದ ಮೇಲೆ ಹೊರಬಂದವರು “ನವಜೀವನ ಸಮಿತಿ” ಎಂದು ಕೂಡಿಕೊಂಡು ನಿಯತವಾಗಿ ಸಭೆ ಸೇರುತ್ತಾರೆ. ನೋಡಿರಿ, ಶಿಬಿರಕ್ಕೆ ಎಂಟು ದಿನ; ಸಮಿತಿಗೆ ಕೊನೆಯ ದಿನವೆಂಬುದಿಲ್ಲ. ಬೇರು ಹಿಡಿಯುವುದು ಇಲ್ಲಿಯೇ.

ದೂರದ ಅಮೆರಿಕದಲ್ಲಿಯೂ ಇದೇ ಸತ್ಯವನ್ನು ಬೇರೆ ದಾರಿಯಿಂದ ಕಂಡುಕೊಂಡರು. 1935ರಲ್ಲಿ ಓಹಾಯೋ ಪ್ರಾಂತದ ಅಕ್ರನ್ ಎಂಬ ಊರಿನಲ್ಲಿ ಇಬ್ಬರು ಕುಡುಕರು, ಒಬ್ಬ ಶೇರು ವ್ಯವಹಾರದವನು, ಒಬ್ಬ ವೈದ್ಯ, ಪರಸ್ಪರ ಮಾತಾಡುತ್ತ ಕುಡಿಯದೆ ಇರಲು ಕಲಿತರು. ಅದರಿಂದ ಹುಟ್ಟಿದ “ಆಲ್ಕೊಹಾಲಿಕ್ಸ್ ಅನಾನಿಮಸ್” ಇಂದು ಭಾರತದಲ್ಲಿಯೂ ಉಂಟು. ತನ್ನ ಬಲವೊಂದೇ ಸಾಲದೆಂದು ಒಪ್ಪಿ, ತನಗೆ ತಿಳಿದಂತೆ ಒಂದು ಮೇಲಿನ ಶಕ್ತಿಯನ್ನು ನಂಬಿ, ನೋಯಿಸಿದವರಲ್ಲಿ ತಪ್ಪೊಪ್ಪಿಕೊಂಡು, ಕೊನೆಗೆ ಇನ್ನೊಬ್ಬ ಕುಡುಕನಿಗೆ ಕೈಕೊಡುವುದು ಅವರ ಹಾದಿ. ಇದು ಬರಿಯ ನಂಬಿಕೆಯ ಮಾತಲ್ಲ. 2020ರಲ್ಲಿ ಕಾಕ್ರೇನ್ ಸಂಸ್ಥೆಯು 27 ಅಧ್ಯಯನಗಳನ್ನು, 10,565 ಜನರ ವಿವರಗಳನ್ನು ಒಟ್ಟುಗೂಡಿಸಿ ತೂಗಿ ನೋಡಿತು. ಇಂಥ ಕೂಟಕ್ಕೆ ಕ್ರಮವಾಗಿ ಸೇರಿಸುವ ಚಿಕಿತ್ಸೆಯು, ಕುಡಿಯದೆ ಮುಂದುವರಿಯುವ ವಿಷಯದಲ್ಲಿ, ಉಳಿದ ಪ್ರಸಿದ್ಧ ಚಿಕಿತ್ಸೆಗಳಿಗಿಂತ ಮೇಲಾಗಿ ಕಂಡಿತು. ಇನ್ನೊಬ್ಬನಿಗೆ ಕೈಕೊಡುವುದನ್ನು ನಾವು ದಾಸೋಹವೆಂದು ಕರೆದೇವು. ಬಿಟ್ಟವನಿಗೆ ಮೈಬಗ್ಗಿಸುವ ಕೆಲಸ ಬೇಕೆಂಬುದನ್ನು ಕಾಯಕವೆಂದು ಕರೆದೇವು. ಬಸವಣ್ಣನವರ ಕಾಲದಿಂದ ನಮ್ಮ ನೆಲದಲ್ಲಿ ಈ ಎರಡು ಮಾತುಗಳಿವೆ. ಅವುಗಳನ್ನು ಬಳಸಿಕೊಳ್ಳುವುದಷ್ಟೇ ಉಳಿದಿದೆ.

ಆದರೆ ಭಕ್ತಿಯ ಹೆಸರಿನಲ್ಲಿ ಆಗುವ ಅನಾಹುತಗಳನ್ನೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಆಣೆ ಮಾಡಿಸಿ ಕೈತೊಳೆದುಕೊಳ್ಳುವುದು ಒಂದು. ಆಣೆ ಮುರಿದವನಿಗೆ ದೇವರ ಶಾಪ ತಟ್ಟುವುದೆಂದು ಹೆದರಿಸುವುದು ಇನ್ನೊಂದು. ಹೆದರಿದವನು ಗುಡಿಯತ್ತ ಬರುವುದನ್ನೇ ಬಿಡುತ್ತಾನೆ, ಅಂಗಡಿಯತ್ತ ಹೋಗುವುದನ್ನು ಬಿಡುವುದಿಲ್ಲ. ಎಲ್ಲಕ್ಕಿಂತ ಅಪಾಯದ್ದು, ಗಂಡನಿಗೆ ಗೊತ್ತಿಲ್ಲದಂತೆ ಊಟದಲ್ಲಿ ಪುಡಿ ಬೆರೆಸುವುದು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಗುಳಿಗೆಯ ಗುಣವೇನೆಂದರೆ, ಅದು ಹೊಟ್ಟೆಯಲ್ಲಿದ್ದಾಗ ಮದ್ಯ ಬಿದ್ದರೆ ಮುಖ ಕೆಂಪೇರಿ, ಎದೆ ಬಡಿದು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿದು ನುಂಗಿದವನಿಗೆ ಅದು ಕಾವಲು. ತಿಳಿಯದೆ ನುಂಗಿದವನಿಗೆ ಅದು ಪ್ರಾಣಾಂತಿಕವಾಗಬಹುದು. ವೈದ್ಯರ ಅಪ್ಪಣೆ ಮತ್ತು ರೋಗಿಯ ಒಪ್ಪಿಗೆ ಎರಡೂ ಇಲ್ಲದೆ ಯಾವ ಪುಡಿಯನ್ನೂ ಮುಟ್ಟಬೇಡಿರಿ, ಅದು ಯಾವ ಕ್ಷೇತ್ರದ ಹೆಸರಿನಲ್ಲಿ ಬಂದಿದ್ದರೂ ಸರಿ.

ಇನ್ನು ಮನೆ. ನಮ್ಮಲ್ಲಿ ಗಂಡ ಕುಡಿದರೆ “ನೀ ಸರಿಯಾಗಿ ನೋಡಿಕೊಂಡಿದ್ದರ ಅವ ಯಾಕ ಕುಡೀತಿದ್ದ?” ಎಂದು ಸೊಸೆಯನ್ನು ಕೇಳುವವರಿದ್ದಾರೆ. ಈ ಮಾತನ್ನು ಬಾಯಿಂದ ಅಳಿಸಿಹಾಕಬೇಕು. ಆಕೆ ಅದರ ಕಾರಣವಲ್ಲ. ಅದರ ಭಾರ ಹೊತ್ತವಳು. ಬಿಟ್ಟವನನ್ನು ಪ್ರತಿ ಸಂಜೆ ಬಾಯಿ ಮೂಸಿ ಪರೀಕ್ಷಿಸುವುದರಿಂದ ವಿಶ್ವಾಸ ಬೆಳೆಯುವುದಿಲ್ಲ. ಹಾಗೆಂದು ಒಂದೇ ತಿಂಗಳಲ್ಲಿ ಹಣದ ಪೆಟ್ಟಿಗೆಯ ಕೀಲಿಯನ್ನು ಕೈಗೆ ಕೊಡುವುದೂ ವಿವೇಕವಲ್ಲ. ಅವನೇ ಒಪ್ಪಿ ಕೆಲವು ಕಾಲ ಹಣದ ವ್ಯವಹಾರವನ್ನು ಮನೆಯಾಕೆಗೆ ಬಿಟ್ಟರೆ ಇಬ್ಬರಿಗೂ ನೆಮ್ಮದಿ. ಹೊಡೆತ ಬಡಿತವಿದ್ದ ಮನೆಯಲ್ಲಿ ಹೆಂಗಸು ಮಕ್ಕಳ ರಕ್ಷಣೆ ಮೊದಲು, ಅವನ ಚಿಕಿತ್ಸೆ ಅನಂತರ. ಕ್ಷಮಿಸುವುದು ಆಕೆಯ ಇಷ್ಟಕ್ಕೆ ಬಿಟ್ಟದ್ದು. ಅದನ್ನು ಧರ್ಮವೆಂದು ಆಕೆಯ ಮೇಲೆ ಹೇರಲಾಗದು.

ಕೊನೆಯದಾಗಿ, ಜಾರಿ ಬೀಳುವ ಮಾತು. ಬಿಟ್ಟವರಲ್ಲಿ ಬಹಳ ಜನ ಮೊದಲ ವರ್ಷದೊಳಗೆ ಒಮ್ಮೆಯಾದರೂ ಎಡವುತ್ತಾರೆ. ಸಿಹಿಮೂತ್ರದ ರೋಗಿ ಒಂದು ದಿನ ಹೋಳಿಗೆ ತಿಂದನೆಂದು ನಾವು ಅವನನ್ನು ಆಸ್ಪತ್ರೆಯಿಂದ ಹೊರಗೆ ದೂಡುತ್ತೇವೆಯೇ? ಒಂದು ಸಂಜೆ ಜಾರಿದ್ದು ನಾಚಿಕೆಯಿಂದ ಒಂದು ತಿಂಗಳ ಕುಡಿತವಾಗುತ್ತದೆ. ಮರುದಿನವೇ ಬಾ ಎಂದು ಕರೆಯುವವರಿದ್ದರೆ ಅದು ಒಂದು ಸಂಜೆಯಾಗಿಯೇ ಉಳಿಯುತ್ತದೆ. ಅಮೆರಿಕದ ಮನೋವೈದ್ಯ ಜಾರ್ಜ್ ವೇಲಂಟ್ ಅವರು ಹಲವು ದಶಕಗಳ ಕಾಲ ಜನರ ಜೀವನವನ್ನು ಬೆನ್ನುಹತ್ತಿ ನೋಡಿ, ಐದು ವರ್ಷ ಕುಡಿಯದೆ ಕಳೆದವನು ಮತ್ತೆ ಬೀಳುವುದು ವಿರಳವೆಂದು ಕಂಡರು. ಐದು ವರ್ಷ ದೊಡ್ಡ ಅವಧಿ. ಆದರೆ ಅದಕ್ಕೊಂದು ದಡವಿದೆ ಎಂಬುದು ಎಂಥ ಸಮಾಧಾನದ ಮಾತು!

ನಿಮ್ಮ ಮನೆಯಲ್ಲಿಯೋ ನಿಮ್ಮ ಓಣಿಯಲ್ಲಿಯೋ ಇಂಥವರು ಒಬ್ಬರಾದರೂ ಇದ್ದಾರು. ವ್ಯಸನದ ವಿಷಯದಲ್ಲಿ ಸಲಹೆಗಾಗಿ 14446, ಮನಸ್ಸಿನ ಯಾವುದೇ ಸಂಕಟಕ್ಕಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416, ಈ ಎರಡು ಸರಕಾರಿ ದೂರವಾಣಿಗಳಿಗೆ ಹಣ ಕೊಡಬೇಕಾಗಿಲ್ಲ. ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ಮತ್ತು ಬಿಟ್ಟವನೊಬ್ಬನು ಸಂಜೆ ಏಳು ಗಂಟೆಗೆ ಕಟ್ಟೆಯ ಮೇಲೆ ಒಬ್ಬನೇ ಕೂತಿರುವುದನ್ನು ಕಂಡರೆ, “ಬಾರೋ ತಮ್ಮಾ, ಭಜನಿಗೆ ಹೋಗೂಣು” ಎಂದೋ, “ಬಾ, ಚಹಾ ಕುಡಿಯೋಣ” ಎಂದೋ ಕರೆಯಿರಿ. ಅಂದಿನ ಆ ಎರಡು ತಾಸು ದಾಟಿದರೆ ಅವನಿಗೆ ಒಂದು ದಿನ ದಾಟಿದಂತೆ.