ಮಾತಿಗೆ ಓಗೊಡುವ ಯಂತ್ರ: ಮನೆಯ ಸರ್ವರಿನ ಕಾವಲು ಮತ್ತು ಸಂವಾದ ಬಾಟ್

ಜಾನಪದ ಸಂಗ್ರಹಕಾರ್ಯದಲ್ಲಿ ಮೊದಲು ಟಿಪ್ಪಣಿ ಪುಸ್ತಕ, ಆಮೇಲೆ ಸ್ಪೂಲ್ ಟೇಪು, ಅನಂತರ ಕ್ಯಾಸೆಟ್ಟು ಬಳಕೆಗೆ ಬಂದವು. ಇಂದು ಬಹುಪಾಲು ಧ್ವನಿಮುದ್ರಣಗಳು ಗಣಕಯಂತ್ರದ ಕಡತಗಳಾಗಿಯೇ ಹುಟ್ಟುತ್ತವೆ. ಹಳೆಯ ಕ್ಯಾಸೆಟ್ಟುಗಳೂ ಕಡತಗಳಾಗಿ ಪರಿವರ್ತನೆಗೊಳ್ಳುತ್ತಿವೆ. ಸಂಸ್ಥೆಗಳ ದಾಖಲಾಗಾರಗಳನ್ನು ಸೇರದೆ ಸಂಗ್ರಾಹಕರ ಮನೆಗಳಲ್ಲಿಯೇ ಉಳಿದಿರುವ ಸಾಮಗ್ರಿ ಅಲ್ಪವೇನೂ ಅಲ್ಲ. ಹಾಡಿದಾಕೆ ತೀರಿಕೊಂಡು, ಆ ಪರಂಪರೆಯನ್ನು ಮುಂದುವರಿಸುವವರು ಯಾರೂ ಇಲ್ಲವಾದಾಗ, ಒಂದು ಕಡತವೇ ಆ ಪಾಠದ ಏಕೈಕ ಸಾಕ್ಷಿಯಾಗುತ್ತದೆ. 96 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದ ಸ್ಟೀರಿಯೊ ಮುದ್ರಣ ಗಂಟೆಗೆ ಸುಮಾರು 2 ಗಿಗಾಬೈಟ್ ಸ್ಥಳ ಬೇಡುತ್ತದೆ. 500 ಗಂಟೆಗಳ ಸಂಗ್ರಹವೊಂದು ಈ ಲೆಕ್ಕದಲ್ಲಿ ಒಂದು ಟೆರಾಬೈಟನ್ನು ಮೀರುತ್ತದೆ. ಇಷ್ಟು ಸಾಮಗ್ರಿಯನ್ನು ಮನೆಯಲ್ಲಿಯೇ ಕಾಪಾಡಬಯಸುವವರು ಆಶ್ರಯಿಸುವ ಸಾಧನವೇ ಮನೆಯ ಸರ್ವರ್. ಆ ಸರ್ವರನ್ನು ಮಾತಿನ ಮೂಲಕ ಕಾಯುವ, ನಡೆಸುವ ಸಂವಾದ ಬಾಟಿನ ಸ್ವರೂಪವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸರ್ವರ್ ಎಂಬ ಪದ ದೊಡ್ಡ ಸಂಸ್ಥೆಗಳ ಹವಾನಿಯಂತ್ರಿತ ಕೊಠಡಿಗಳನ್ನು ನೆನಪಿಗೆ ತರುತ್ತದೆ. ಮನೆಯ ಸರ್ವರಿಗೆ ಆ ಆಡಂಬರವಿಲ್ಲ. ಹಳೆಯದೊಂದು ಮೇಜಿನ ಗಣಕ ಅಥವಾ 2012ರಲ್ಲಿ ಬ್ರಿಟನ್ನಿನಲ್ಲಿ ಮಾರಾಟಕ್ಕೆ ಬಂದ ರಾಸ್‌ಬೆರಿ ಪೈ ಎಂಬ ಅಂಗೈ ಅಗಲದ ಗಣಕ, ಅದಕ್ಕೆ ಜೋಡಿಸಿದ ಎರಡು ಹಾರ್ಡ್ ಡಿಸ್ಕ್, ಲಿನಕ್ಸ್ ಕಾರ್ಯವ್ಯವಸ್ಥೆ, ಇಷ್ಟಿದ್ದರೆ ಸಾಕು. ಇದಕ್ಕೆ ಸಾಮಾನ್ಯವಾಗಿ ಪರದೆಯಾಗಲಿ ಕೀಲಿಮಣೆಯಾಗಲಿ ಇರುವುದಿಲ್ಲ. ಅಟ್ಟದ ಮೇಲೆ ಅಥವಾ ಪುಸ್ತಕದ ಕಪಾಟಿನ ಮೂಲೆಯಲ್ಲಿ ಹಗಲಿರುಳು ನಡೆಯುತ್ತಿರುತ್ತದೆ. ಮುಖವಿಲ್ಲದ ಈ ಯಂತ್ರದ ಕ್ಷೇಮ ತಿಳಿಯುವುದು ಹೇಗೆ? ಬೇಸಿಗೆಯಲ್ಲಿ ಅದು ಕಾಯುತ್ತದೆ, ವಿದ್ಯುತ್ತು ಹೋಗಿ ಬಂದಾಗ ಡಿಸ್ಕಿನ ಮೇಲಿನ ಬರಹ ಅರ್ಧಕ್ಕೆ ನಿಲ್ಲಬಹುದು, ಡಿಸ್ಕ್ ಭರ್ತಿಯಾಗಬಹುದು. ಸಂಗ್ರಾಹಕರು ಆ ಹೊತ್ತಿನಲ್ಲಿ ಯಾವುದೋ ಊರ ಜಾತ್ರೆಯಲ್ಲಿ ಮುದ್ರಣ ನಡೆಸುತ್ತಿರುತ್ತಾರೆ.

ಯಂತ್ರದ ಕಾವಲನ್ನು ಮಾತಿಗೆ ಒಪ್ಪಿಸುವ ಪದ್ಧತಿ ಹೊಸದಲ್ಲ. ಎಂ.ಐ.ಟಿ.ಯ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ಪ್ರಕಟಿಸಿದ ಎಲೈಜಾ ಗಣಕದೊಡನೆ ಸಂಭಾಷಣೆ ಸಾಧ್ಯವೆಂಬ ಭಾವನೆಯನ್ನು ಹುಟ್ಟಿಸಿತು. ಫಿನ್‌ಲೆಂಡಿನ ಊಲುವಿನಲ್ಲಿ 1988ರಲ್ಲಿ ರೂಪುಗೊಂಡ ಐ.ಆರ್.ಸಿ. ಎಂಬ ಹರಟೆಯ ವ್ಯವಸ್ಥೆಯಲ್ಲಿ, ಒಡೆಯನಿಲ್ಲದ ಸಮಯದಲ್ಲಿ ಮಾತುಕತೆಯ ಕಟ್ಟೆಯನ್ನು ಕಾಯಲು ಎಗ್‌ಡ್ರಾಪ್ ಎಂಬ ಬಾಟ್ 1993ರಲ್ಲಿ ಬಂದಿತು. ಗಿಟ್‌ಹಬ್ ಸಂಸ್ಥೆ 2011ರಲ್ಲಿ ಬಹಿರಂಗಗೊಳಿಸಿದ ಹ್ಯೂಬಾಟ್, ಹರಟೆಯ ಕೋಣೆಯಲ್ಲಿ ಕುಳಿತೇ ಸರ್ವರುಗಳಿಗೆ ಆಜ್ಞೆ ನೀಡುವ ರೂಢಿಯನ್ನು ಪ್ರಚಾರಕ್ಕೆ ತಂದಿತು. ಟೆಲಿಗ್ರಾಂ ತನ್ನ ಬಾಟ್ ವೇದಿಕೆಯನ್ನು 2015ರ ಜೂನ್‌ನಲ್ಲಿ ತೆರೆದ ಮೇಲೆ ಈ ಅನುಕೂಲ ಮನೆಯ ಸರ್ವರಿಗೂ ಇಳಿಯಿತು.

ಇಲ್ಲಿ ಬಳಕೆಯಾಗುವ ಹೆಸರುಗಳು ಜಾನಪದ ವಿದ್ವಾಂಸರ ಗಮನಕ್ಕೆ ಅರ್ಹವಾಗಿವೆ. ಬಾಟ್ ಎಂಬುದು ರೋಬಾಟ್ ಪದದ ಮೊಟಕು ರೂಪ. ಮೂಲಪದ ಚೆಕ್ ನಾಟಕಕಾರ ಕರೆಲ್ ಚಾಪೆಕ್‌ನ 1920ರ ನಾಟಕದಿಂದ ಬಂದದ್ದು, ಅದರ ಧಾತುವಿನ ಅರ್ಥ ಬಿಟ್ಟಿ ದುಡಿಮೆ. ಸರ್ವರಿನೊಳಗೆ ಸದ್ದಿಲ್ಲದೆ ನಿರಂತರ ಕೆಲಸಮಾಡುವ ತಂತ್ರಾಂಶವನ್ನು ಡೀಮನ್ ಎನ್ನುತ್ತಾರೆ. 1963ರ ಸುಮಾರಿಗೆ ಎಂ.ಐ.ಟಿ.ಯ ಪ್ರಾಜೆಕ್ಟ್ ಮ್ಯಾಕ್ ತಂಡ, ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ, ಅಣುಗಳನ್ನು ಬೇರ್ಪಡಿಸುತ್ತಲೇ ಇರುವ ಭೂತದಿಂದ ಈ ಹೆಸರನ್ನು ಪಡೆಯಿತೆಂದು ಫರ್ನಾಂಡೊ ಕೊರ್ಬಾತೊ ವಿವರಿಸಿದ್ದಾರೆ. ಬಾಟ್ ಕೂಡ ಸರ್ವರಿನಲ್ಲಿ ಇಂಥದೊಂದು ಡೀಮನ್ ಆಗಿಯೇ ನೆಲೆಸುತ್ತದೆ. ಕೆಲಸ ಕೊಡದಿದ್ದರೆ ಒಡೆಯನನ್ನೇ ನುಂಗುವೆನೆಂದು ಕಾಡುವ ಭೂತಕ್ಕೆ ನಾಯಿಯ ಬಾಲ ನೆಟ್ಟಗೆ ಮಾಡಲು ಹೇಳಿದ ಕಥೆಯನ್ನು ಕೇಳಿ ಬೆಳೆದವರಿಗೆ ಈ ನಾಮಕರಣ ಅಪರಿಚಿತವೆನಿಸಲಾರದು.

ಬಾಟಿನ ಕಾರ್ಯವಿಧಾನ ಹೀಗಿದೆ. ಒಡೆಯರು ಟೆಲಿಗ್ರಾಂನಲ್ಲಿ ಬಾಟ್‌ಫಾದರ್ ಎಂಬ ಮೂಲ ಬಾಟಿನೊಡನೆ ಮಾತಾಡಿ ಹೊಸ ಬಾಟಿಗೆ ಹೆಸರಿಡುತ್ತಾರೆ. ಪ್ರತಿಯಾಗಿ ಟೋಕನ್ ಎಂಬ ಗುಟ್ಟಿನ ಅಕ್ಷರಸರಣಿ ದೊರೆಯುತ್ತದೆ. ಸರ್ವರಿನಲ್ಲಿರುವ ತಂತ್ರಾಂಶ ಈ ಟೋಕನ್ ಹಿಡಿದು ಟೆಲಿಗ್ರಾಂನ ಬಾಗಿಲಿಗೆ ಹೋಗಿ, ತನಗೆ ಸಂದೇಶವಿದೆಯೇ ಎಂದು ವಿಚಾರಿಸಿ ಕಾದು ನಿಲ್ಲುತ್ತದೆ. ಹೊರಗಿನವರು ಮನೆಯೊಳಕ್ಕೆ ಬರುವುದಿಲ್ಲ, ಮನೆಯೊಳಗಿನದೇ ಹೊರಗೆ ಹೋಗಿ ಕೇಳಿ ಬರುತ್ತದೆ ಎಂಬುದು ಇಲ್ಲಿ ಮುಖ್ಯ. ಅನೇಕ ಮನೆಗಳ ಅಂತರಜಾಲ ಸಂಪರ್ಕಕ್ಕೆ ಸ್ವಂತ ಸಾರ್ವಜನಿಕ ವಿಳಾಸವಿರುವುದಿಲ್ಲ. ರೂಟರಿನಲ್ಲಿ ಬಾಗಿಲು ತೆರೆದಿಡುವುದು ಅಪಾಯಕರವೂ ಹೌದು. ಬಾಟಿಗೆ ಅದರ ಅಗತ್ಯವೇ ಬೀಳುವುದಿಲ್ಲ. ಇನ್ನೊಂದು ನಿಯಮವೂ ಇದೆ: ಬಾಟ್ ತಾನಾಗಿ ಯಾರನ್ನೂ ಮೊದಲು ಮಾತಾಡಿಸುವಂತಿಲ್ಲ. ಒಮ್ಮೆ ಒಡೆಯರು ಮಾತಾಡಿಸಿದ ಮೇಲೆ ಮಾತ್ರ ಅದು ಎಚ್ಚರಿಕೆಯ ಸಂದೇಶಗಳನ್ನು ಕಳುಹಿಸಬಲ್ಲದು.

ಆಜ್ಞೆಗಳು ಓರೆಗೆರೆಯಿಂದ ಆರಂಭವಾಗುವ ಸಿದ್ಧಪದಗಳು. ಡಿಸ್ಕಿನಲ್ಲಿ ಉಳಿದ ಸ್ಥಳವೆಷ್ಟು, ಪ್ರೊಸೆಸರಿನ ಉಷ್ಣತೆ ಎಷ್ಟು, ನಿನ್ನೆಯ ಪ್ರತಿ ತೆಗೆಯುವ ಕೆಲಸ ಮುಗಿಯಿತೇ ಎಂಬ ಪ್ರಶ್ನೆಗಳಿಗೆ ತಂತ್ರಾಂಶ ಲಿನಕ್ಸಿನ ಸಾಧನಗಳಿಂದ ಉತ್ತರ ಸಂಗ್ರಹಿಸಿ ಕಳುಹಿಸುತ್ತದೆ. ರಾಸ್‌ಬೆರಿ ಪೈ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆಯಾದ್ದರಿಂದ, 70ರಲ್ಲಿಯೇ ಎಚ್ಚರಿಸುವಂತೆ ಬಾಟಿಗೆ ಹೇಳಿಡಬಹುದು. ಒಗಟಿನಲ್ಲಿರುವಂತೆ ಇಲ್ಲಿಯೂ ಪ್ರಶ್ನೆಯ ಸ್ವರೂಪ ನಿಯತ, ಉತ್ತರದ ಸ್ವರೂಪವೂ ನಿಯತ.

ವಿಚಾರಿಸುವ ಆಜ್ಞೆಗಿಂತ ಮಾಡಿಸುವ ಆಜ್ಞೆ ತೊಡಕಿನದು. ಬಾಟ್ ರಚಿಸುವವರಲ್ಲಿ ಅನೇಕರು ಎದುರಿಸುವ ಒಂದು ಪ್ರಸಂಗ ಇದಕ್ಕೆ ನಿದರ್ಶನವಾಗಿದೆ. ಒಡೆಯರು ಸರ್ವರನ್ನು ಮರುಪ್ರಾರಂಭಿಸಲು ಆಜ್ಞೆ ಕಳುಹಿಸುತ್ತಾರೆ. ಬಾಟ್ ಅದನ್ನು ಓದಿದೊಡನೆಯೇ ಯಂತ್ರವನ್ನು ಮರುಪ್ರಾರಂಭಿಸುತ್ತದೆ. ಸಂದೇಶ ತಲುಪಿತೆಂದು ಟೆಲಿಗ್ರಾಂಗೆ ತಿಳಿಸಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಯಂತ್ರ ಎದ್ದು ಕುಳಿತ ಮೇಲೆ ಬಾಟ್ ಮತ್ತೆ ಬಾಗಿಲಿಗೆ ಹೋಗಿ ವಿಚಾರಿಸಿದಾಗ ಅದೇ ಆಜ್ಞೆ ಪುನಃ ಕೈಗೆ ಬರುತ್ತದೆ. ಹೀಗೆ ಸರ್ವರ್ ಏಳುತ್ತ ಬೀಳುತ್ತ ಇರುತ್ತದೆ. ಪಡೆಯದೆ ಉಳಿದ ಸಂದೇಶಗಳನ್ನು ಟೆಲಿಗ್ರಾಂ 24 ಗಂಟೆಗಳವರೆಗೆ ಕಾದಿರಿಸುತ್ತದೆಯಾದ್ದರಿಂದ, ನಡುವೆ ಯಾರೂ ಕೈಹಾಕದಿದ್ದರೆ ಈ ಸರಣಿ ಒಂದು ದಿನ ಮುಂದುವರಿಯಬಲ್ಲದು. ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ಲೇಖಕ ಲೂಸಿಯನ್ ದಾಖಲಿಸಿದ, 1797ರಲ್ಲಿ ಗಯಟೆ ಕವನವಾಗಿಸಿದ ಮಂತ್ರವಾದಿಯ ಶಿಷ್ಯನ ಕಥೆಯ ಆಶಯವೇ ಇದು: ನೀರು ತರಲು ಹೇಳಲು ಶಿಷ್ಯನಿಗೆ ಗೊತ್ತು, ನಿಲ್ಲಿಸಲು ಗೊತ್ತಿಲ್ಲ. ಪರಿಹಾರ ಸರಳವಾದದ್ದು. ಆಜ್ಞೆಯನ್ನು ನೆರವೇರಿಸುವ ಮುನ್ನ ಸ್ವೀಕೃತಿ ತಿಳಿಸಬೇಕು. ಜೊತೆಗೆ ಸಂದೇಶದ ವೇಳೆಯನ್ನು ನೋಡಿ, ಒಂದೆರಡು ನಿಮಿಷಕ್ಕಿಂತ ಹಳೆಯ ಆಜ್ಞೆಯನ್ನು ತಿರಸ್ಕರಿಸಬೇಕು.

ಆಜ್ಞೆ ನೀಡುವ ಹಕ್ಕು ಯಾರದೆಂಬುದು ಇನ್ನೂ ಗಂಭೀರವಾದ ಪ್ರಶ್ನೆ. ಟ್ರೋಬ್ರಿಯಾಂಡ್ ದ್ವೀಪಗಳ ತೋಟದ ಮಂತ್ರಗಳನ್ನು ಕುರಿತ ತಮ್ಮ 1935ರ ಗ್ರಂಥದಲ್ಲಿ ಮಾಲಿನೋವ್‌ಸ್ಕಿ, ಮಂತ್ರದ ಫಲ ಪದಗಳೊಂದಿಗೆ ಅದನ್ನು ನುಡಿಯುವ ಅಧಿಕಾರವುಳ್ಳ ವ್ಯಕ್ತಿಯನ್ನೂ ಅವಲಂಬಿಸಿರುತ್ತದೆಂಬುದನ್ನು ತೋರಿಸಿಕೊಟ್ಟರು. ಬಾಟಿಗೆ ಇಂಥ ವಿವೇಚನೆ ಸ್ವಭಾವತಃ ಇಲ್ಲ. ಅದರ ಹೆಸರು ತಿಳಿದ ಯಾರೇ ಆದರೂ ಅದಕ್ಕೆ ಸಂದೇಶ ಕಳುಹಿಸಬಹುದು. ತಂತ್ರಾಂಶದಲ್ಲಿ ತಡೆ ಹಾಕದಿದ್ದರೆ ಅದು ಎಲ್ಲರಿಗೂ ಓಗೊಡುತ್ತದೆ. ಆದ್ದರಿಂದ ಪ್ರತಿ ಸಂದೇಶದೊಡನೆ ಬರುವ, ಕಳುಹಿಸಿದವರ ಬದಲಾಗದ ಸಂಖ್ಯೆಯನ್ನು ಪರೀಕ್ಷಿಸುವುದು ಅನಿವಾರ್ಯ. ಬಳಕೆದಾರನ ಹೆಸರನ್ನು ನಂಬುವಂತಿಲ್ಲ, ಏಕೆಂದರೆ ಅದು ಬದಲಾಗಬಲ್ಲದು, ಬಿಟ್ಟ ಹೆಸರನ್ನು ಮತ್ತೊಬ್ಬರು ಹಿಡಿಯಬಲ್ಲರು. ಟೋಕನ್ ಅನ್ಯರ ಪಾಲಾದರಂತೂ ಅವರೇ ಬಾಟಿನ ವೇಷ ತೊಡಬಹುದು. ತಂತ್ರಾಂಶದ ಮೂಲಸಂಕೇತವನ್ನು ಸಾರ್ವಜನಿಕವಾಗಿ ಹಂಚುವಾಗ ಟೋಕನ್ನನ್ನೂ ಅದರೊಳಗೇ ಬಿಟ್ಟುಬಿಡುವುದು ಸಾಮಾನ್ಯ ಪ್ರಮಾದ. ಹೀಗಾದಾಗ ಬಾಟ್‌ಫಾದರ್‌ಗೆ ಹೇಳಿ ಹಳೆಯ ಟೋಕನ್ನನ್ನು ರದ್ದುಪಡಿಸಬೇಕಾಗುತ್ತದೆ. ಕೆಲವರು ತಾವು ಬರೆದ ಯಾವುದೇ ವಾಕ್ಯವನ್ನು ಬಾಟ್ ನೇರವಾಗಿ ಲಿನಕ್ಸಿಗೆ ಒಪ್ಪಿಸುವಂತೆ ಏರ್ಪಡಿಸಿಕೊಳ್ಳುತ್ತಾರೆ. ಇದು ಮನೆಯ ಬೀಗದ ಕೈಯನ್ನು ಹೊಸ್ತಿಲ ಮೇಲಿಡುವುದಕ್ಕೆ ಸಮಾನ. ಸಂಗ್ರಹವಿರುವ ಸರ್ವರಿನಲ್ಲಿ ಅಳಿಸುವ ಆಜ್ಞೆಯನ್ನು ಬಾಟಿಗೆ ಕಲಿಸದಿರುವುದೇ ಲೇಸು. ಬಾಟಿನೊಡನೆ ನಡೆಯುವ ಸಂಭಾಷಣೆಗೆ ಟೆಲಿಗ್ರಾಂನ ಗುಪ್ತ ಸಂವಾದದ ರಕ್ಷಣೆಯಿಲ್ಲವೆಂಬುದನ್ನೂ ಮರೆಯಬಾರದು. ಹೆಸರು ಹೇಳಬೇಡಿರೆಂದು ಕೇಳಿಕೊಂಡ ವಕ್ತೃಗಳ ವಿವರ ಕಡತದ ಹೆಸರಿನಲ್ಲಿದ್ದರೆ, ಆ ಹೆಸರು ಬಾಟಿನ ಉತ್ತರದಲ್ಲಿ ಸೇರಬಾರದು.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ಉಳಿಯುವ ದೊಡ್ಡ ಸಮಸ್ಯೆ ಮೌನದ್ದು. ಬಾಟ್ ತಾನು ಕಾಯುವ ಯಂತ್ರದೊಳಗೇ ವಾಸಿಸುತ್ತದೆ. ಯಂತ್ರ ನಿಂತರೆ ಬಾಟೂ ನಿಲ್ಲುತ್ತದೆ. ತಾನು ನಿಂತೆನೆಂದು ಹೇಳಲು ಅದಕ್ಕೆ ಬಾಯಿಲ್ಲ. ತೊಂದರೆ ಬಂದಾಗ ಮಾತ್ರ ಮಾತಾಡೆಂದು ಕಲಿಸಿದ ಬಾಟ್ ಸುಮ್ಮನಿದ್ದರೆ, ಎಲ್ಲವೂ ಕ್ಷೇಮವೆಂದು ತಿಳಿಯಬೇಕೋ ಎಲ್ಲವೂ ಮುಗಿಯಿತೆಂದು ತಿಳಿಯಬೇಕೋ ಎಂಬುದು ಒಡೆಯರಿಗೆ ಗೊತ್ತಾಗುವುದಿಲ್ಲ. ಇರುಳಿನ ಗಸ್ತಿನವನು ಕಳ್ಳನನ್ನು ಕಾಣದಿದ್ದರೂ ಕೂಗು ಹಾಕುತ್ತ ಸಾಗುವುದರ ಹಿಂದಿನ ತಿಳಿವಳಿಕೆಯನ್ನು ಇಲ್ಲಿ ನೆನೆಯಬಹುದು. ಗಣಕಶಾಸ್ತ್ರ ಇದನ್ನು ಹೃದಯಬಡಿತವೆಂದು ಕರೆಯುತ್ತದೆ. ಸರ್ವರ್ ನಿಗದಿತ ಅವಧಿಗೊಮ್ಮೆ ಹೊರಗಿನ ಬೇರೊಂದು ಯಂತ್ರಕ್ಕೆ ಸಂಕೇತ ಕಳುಹಿಸುತ್ತದೆ. ಸಂಕೇತ ಬಾರದಿದ್ದಾಗ ಆ ಹೊರಗಿನ ಯಂತ್ರ ಒಡೆಯರನ್ನು ಎಚ್ಚರಿಸುತ್ತದೆ. ಕಾವಲುನಾಯಿ ಎಂದೇ ಹೆಸರಾದ ಗಡಿಯಾರದ ಬಿಡಿಭಾಗವೂ ರಾಸ್‌ಬೆರಿ ಪೈಯಲ್ಲಿದೆ. ಕೆಲವು ಸೆಕೆಂಡುಗಳಿಗೊಮ್ಮೆ ಅದನ್ನು ತಟ್ಟುತ್ತಿರಬೇಕು, ತಟ್ಟುವುದು ನಿಂತರೆ ಅದು ಯಂತ್ರವನ್ನು ಮರುಪ್ರಾರಂಭಿಸುತ್ತದೆ. ಆದರೆ ವಿದ್ಯುತ್ತೇ ಇಲ್ಲದಾಗ ಇದರಿಂದ ಪ್ರಯೋಜನವಿಲ್ಲ.

ಡಿಸ್ಕಿನ ವಿಷಯದಲ್ಲಿ ಮೌನ ಇನ್ನಷ್ಟು ಮೋಸಗೊಳಿಸುತ್ತದೆ. ಹಾರ್ಡ್ ಡಿಸ್ಕುಗಳು ತಮ್ಮ ಆರೋಗ್ಯವನ್ನು ತಾವೇ ಅಳೆದಿಡುವ ಸ್ಮಾರ್ಟ್ ಎಂಬ ವ್ಯವಸ್ಥೆಯನ್ನು ಹೊಂದಿವೆ. ಬಾಟ್ ಸಾಮಾನ್ಯವಾಗಿ ವರದಿ ಮಾಡುವುದು ಅದನ್ನೇ. ಗೂಗಲ್‌ನ ಪಿನ್ಯೇರೊ, ವೇಬರ್ ಮತ್ತು ಬರೋಸೊ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಮಂಡಿಸಿದ ಪ್ರಬಂಧದ ಪ್ರಕಾರ, ಕೆಟ್ಟುಹೋದ ಡಿಸ್ಕುಗಳಲ್ಲಿ ಶೇಕಡ 56ಕ್ಕೂ ಹೆಚ್ಚಿನವು ಪ್ರಬಲವಾದ ನಾಲ್ಕು ಮುನ್ಸೂಚನೆಗಳಲ್ಲಿ ಒಂದನ್ನೂ ತೋರಿರಲಿಲ್ಲ. ಅಂದರೆ ಡಿಸ್ಕ್ ಚೆನ್ನಾಗಿದೆ ಎಂಬ ಬಾಟಿನ ಉತ್ತರ ಪ್ರಾಮಾಣಿಕವಾಗಿದ್ದೂ ನಾಳೆಯ ಬಗೆಗೆ ಏನನ್ನೂ ಹೇಳದಿರಬಹುದು. ಎರಡು ಡಿಸ್ಕುಗಳಲ್ಲಿ ಏಕಕಾಲಕ್ಕೆ ಬರೆಯುವ ಜೋಡಿ ವ್ಯವಸ್ಥೆ ಒಂದು ಡಿಸ್ಕ್ ಕೆಟ್ಟಾಗ ನೆರವಾಗುತ್ತದೆ. ತಪ್ಪಿ ಅಳಿಸಿದ ಹಾಡು ಮಾತ್ರ ಎರಡರಿಂದಲೂ ಅದೇ ಕ್ಷಣದಲ್ಲಿ ಅಳಿಯುತ್ತದೆ.

ಕನ್ನಡದ ಮಟ್ಟಿಗೆ ಒಂದೆರಡು ಸಂಗತಿಗಳಿವೆ. ಟೆಲಿಗ್ರಾಂನಲ್ಲಿ ನೋಂದಾಯಿತ ಆಜ್ಞೆಗಳು ಇಂಗ್ಲಿಷಿನ ಸಣ್ಣಕ್ಷರ, ಅಂಕೆ ಮತ್ತು ಅಡಿಗೆರೆಗಳಿಂದಲೇ ಆಗಿರಬೇಕು. ಆದರೂ ಸಾದಾ ಸಂದೇಶವಾಗಿ ಬಂದ ಕನ್ನಡ ವಾಕ್ಯವನ್ನು ಗುರುತಿಸುವಂತೆ ಬಾಟನ್ನು ರೂಪಿಸಲು, ಗುಂಡಿಗಳ ಮೇಲೆ ಕನ್ನಡ ಹೆಸರು ಬರೆಯಲು ಅಡ್ಡಿಯಿಲ್ಲ. ಗುಂಡಿಯ ಹಿಂದೆ ಅಡಗಿರುವ ಸಂಕೇತಕ್ಕೆ ಮಾತ್ರ 64 ಬೈಟುಗಳ ಮಿತಿಯಿದೆ, ಯೂನಿಕೋಡಿನ ಯು.ಟಿ.ಎಫ್.-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತ 3 ಬೈಟುಗಳಾಗುವುದರಿಂದ, ಅಲ್ಲಿ 21 ಕನ್ನಡ ಸಂಕೇತಗಳಷ್ಟೇ ಹಿಡಿಸುತ್ತವೆ. ಒತ್ತಕ್ಷರ, ಸ್ವರಚಿಹ್ನೆಗಳೂ ಬೇರೆ ಬೇರೆಯಾಗಿ ಎಣಿಕೆಗೊಳ್ಳುತ್ತವೆ. ಲಿನಕ್ಸಿನಲ್ಲಿ ಕಡತದ ಹೆಸರಿಗೆ ಸಾಮಾನ್ಯವಾಗಿ 255 ಬೈಟುಗಳ ಮಿತಿಯಿರುವುದರಿಂದ, ಹಾಡಿನ ಮೊದಲ ಸಾಲು, ಹಾಡಿದವರ ಹೆಸರು, ಊರು, ದಿನಾಂಕ ಎಲ್ಲವನ್ನೂ ಕನ್ನಡದಲ್ಲಿ ಹೆಸರಿನೊಳಗೇ ತುರುಕಲು ಹೊರಟವರಿಗೆ 85ನೆಯ ಸಂಕೇತಕ್ಕೆ ಜಾಗ ಮುಗಿದಿರುತ್ತದೆ. ಕಡತಕ್ಕೆ ಕ್ರಮಸಂಖ್ಯೆ ಕೊಟ್ಟು ವಿವರಗಳನ್ನು ಪ್ರತ್ಯೇಕ ಸೂಚಿಯಲ್ಲಿಡುವ ಗ್ರಂಥಾಲಯಗಳ ಹಳೆಯ ಪದ್ಧತಿಯೇ ಇಲ್ಲಿಯೂ ಅನುಕೂಲಕರ.

ಸಂಗ್ರಹದ ದೃಷ್ಟಿಯಿಂದ ಬಾಟಿಗೆ ವಹಿಸಬಹುದಾದ ಅತ್ಯಂತ ಉಪಯುಕ್ತ ಕೆಲಸ ಉಷ್ಣತೆ ಹೇಳುವುದಲ್ಲ, ಪಾಠ ಬದಲಾಗಿಲ್ಲವೆಂದು ಪರೀಕ್ಷಿಸುವುದು. ಪ್ರತಿ ಕಡತವನ್ನು ಸೇರಿಸುವಾಗ ಅದರ ಬೆರಳಚ್ಚಿನಂಥ 256 ಬಿಟ್‌ಗಳ ಮೊತ್ತವೊಂದನ್ನು ಲೆಕ್ಕಹಾಕಿ ಇರಿಸಲಾಗುತ್ತದೆ. ಬಾಟ್ ಪ್ರತಿ ರಾತ್ರಿ ಸಂಗ್ರಹದ ಒಂದಿಷ್ಟು ಭಾಗವನ್ನು ಮರಳಿ ಓದಿ, ಮೊತ್ತಗಳನ್ನು ಹೋಲಿಸಿ, ಬೆಳಗ್ಗೆ ಒಂದು ಸಾಲಿನ ವರದಿ ಕಳುಹಿಸಬಹುದು. ಒಂದೇ ಒಂದು ಬಿಟ್ ಪಲ್ಲಟವಾಗಿದ್ದರೂ ಮೊತ್ತ ಬೇರೆಯಾಗುತ್ತದೆ. ಆಗ ಬಾಟ್ ಆ ಕಡತದ ಕ್ರಮಸಂಖ್ಯೆಯನ್ನಷ್ಟೇ ತಿಳಿಸುತ್ತದೆ. ಕೆಟ್ಟ ಪ್ರತಿಯನ್ನು ಬದಿಗಿಟ್ಟು, ಬೇರೊಂದು ಊರಿನಲ್ಲಿಟ್ಟ ಡಿಸ್ಕನ್ನು ತರಿಸಿ, ಅದರ ಮೊತ್ತವನ್ನೂ ನೋಡಿ, ಕೇಳಿ ಖಚಿತಪಡಿಸಿಕೊಂಡು ಮರಳಿ ಸೇರಿಸುವ ಕೆಲಸ ಸಂಗ್ರಾಹಕರಿಗೆ ಸೇರಿದ್ದು.