ಬಾದಾಮಿಯಲ್ಲಿ ಉಪ್ಪನ ಕಾಲಿಗೆ ಸಿಕ್ಕಿದ ಚೆಂಡು

ಮದುವೆಗೆ ಇಳಕಲ್ ಸೀರೆಯೇ ಬೇಕು ಎಂದು ಮನೆಯ ಹೆಂಗಸರು ಹಟ ಹಿಡಿದದ್ದರಿಂದ ನಾವೆಲ್ಲ ಒಂದು ವ್ಯಾನ್ ಮಾಡಿಕೊಂಡು ಮಂಗಳೂರಿನಿಂದ ಬಾಗಲಕೋಟೆಗೆ ಹೊರಟೆವು. 64 ದಾಟಿದ ಉಪ್ಪನನ್ನು ಕರೆದುಕೊಂಡು ಹೋಗುವುದೋ ಬೇಡವೋ ಎಂದು ಎರಡು ದಿನ ಚರ್ಚೆ. ಶುಗರ್ ಉಂಟು, ಮೊಣಕಾಲು ನೋವು ಉಂಟು, ಹತ್ತು ಹೆಜ್ಜೆ ನಡೆದರೆ ಕುರ್ಚಿ ಹುಡುಕುತ್ತಾರೆ. ಕೊನೆಗೆ ಉಮ್ಮ, "ಇವರನ್ನು ಬಿಟ್ಟು ನಾನು ಬರುವುದಿಲ್ಲ" ಎಂದದ್ದಕ್ಕೆ ಕರೆದುಕೊಂಡು ಹೋದೆವು.

ಬಾಗಲಕೋಟೆಯಲ್ಲಿ ನಾವು ಉಳಿದದ್ದು ನವನಗರದಲ್ಲಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಊರಿನ ಭಾಗ ಹೋದ ಮೇಲೆ ಸೆಕ್ಟರ್ ಲೆಕ್ಕದಲ್ಲಿ ಕಟ್ಟಿದ ಊರದು. ಸುಬಹಿ ಮುಗಿಸಿ ಹೊರಗೆ ಬಂದರೆ ತಲೆ ನರೆತವರೂ ಬ್ಯಾಟ್ ಹಿಡಿದು ಶಟಲ್ ಆಡುತ್ತಿದ್ದಾರೆ. ಉಪ್ಪ ತುಂಬ ಹೊತ್ತು ನಿಂತು ನೋಡಿದರು. "ನಮ್ಮಲ್ಲಿ ಈ ಪ್ರಾಯದವರು ಅಂಗಡಿ ಮುಂದೆ ಚಾ ಕುಡಿಯುತ್ತಾ ಕೂತಿರ್ತಾರೆ" ಎಂದರು. ಅವರೂ ಹಾಗೇ ಕೂರುವವರು ಎಂದು ನಾವು ನೆನಪಿಸಲು ಹೋಗಲಿಲ್ಲ.

ಬಾದಾಮಿಯಲ್ಲಿ ಗುಹೆಗಳ ಮೆಟ್ಟಿಲು ಹತ್ತಲು ಉಪ್ಪ ಒಪ್ಪಲಿಲ್ಲ. ಕೆಳಗೆ ನೆರಳಿನಲ್ಲಿ ಕೂರಿಸಿ ನಾವು ಹತ್ತಿದೆವು. 578ರ ಶಾಸನ ಇರುವ ಮೂರನೇ ಗುಹೆ ನೋಡಿ, ಮಂಗಗಳಿಂದ ಬ್ಯಾಗ್ ಉಳಿಸಿಕೊಂಡು ಇಳಿದು ಬಂದರೆ ಉಪ್ಪ ಕೂತಲ್ಲಿ ಇಲ್ಲ! ಉಮ್ಮನಿಗೆ ಗಾಬರಿ. ನೋಡಿದರೆ ಸ್ವಲ್ಪ ದೂರದ ಖಾಲಿ ಜಾಗದಲ್ಲಿ ಪ್ಯಾಂಟ್ ಮಡಚಿಕೊಂಡು, ಬರಿಗಾಲಲ್ಲಿ, ಏಳೆಂಟು ಹುಡುಗರ ನಡುವೆ ಫುಟ್ಬಾಲ್ ಆಡುತ್ತಿದ್ದಾರೆ.

ಆದದ್ದಿಷ್ಟೆ. ಚೆಂಡು ಉರುಳಿ ಕಾಲ ಬುಡಕ್ಕೆ ಬಂತು. "ಅಜ್ಜಾರ, ಇತ್ತ ಒಗೀರಿ" ಅಂತ ಹುಡುಗರು ಕೂಗಿದರು. ಉಪ್ಪ ಕೈಯಲ್ಲಿ ಎತ್ತಲಿಲ್ಲ, ಕಾಲಲ್ಲಿ ಕಳಿಸಿದರು. ಅದು ನೇರ ಹೋದದ್ದು ನೋಡಿ ಒಬ್ಬ, "ಬರ್ರಿ ಅಜ್ಜಾರ, ಒಬ್ಬ ಕಮ್ಮಿ ಅದಾನ" ಎಂದ. ಕಸ್ಬಾ ಬೆಂಗ್ರೆಯ ಹೊಯಿಗೆಯಲ್ಲಿ ಫುಟ್ಬಾಲ್ ಆಡಿ ಬೆಳೆದವರು ಉಪ್ಪ. ಗಲ್ಫಿಗೆ ವಿಮಾನ ಹತ್ತಿದ ದಿನ ಬಿಟ್ಟದ್ದು. ಊರಿಗೆ ಬಂದ ಮೇಲೆ ಅಂಗಡಿ, ಮಕ್ಕಳ ಮದುವೆ, ಆಮೇಲೆ ಶುಗರ್. ಅವರು ಹಾಗೆ ನಗುವುದನ್ನು ನಮ್ಮಲ್ಲಿ ಕಿರಿಯರು ಯಾರೂ ನೋಡಿಯೇ ಇರಲಿಲ್ಲ.

ಆ ನಗು ಒಂದು ಗಂಟೆ ಉಳಿಯಲಿಲ್ಲ. ಬೆಳಿಗ್ಗೆ ಮಾತ್ರೆ ತಿಂದಿದ್ದರು, ಮಧ್ಯಾಹ್ನದ ಊಟ ತಡವಾಗಿತ್ತು. ಹುನಗುಂದದ ದಾರಿಯಲ್ಲಿ ಅಮೀನಗಡ ಮುಟ್ಟುವಾಗ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಶುಗರ್ ಕಮ್ಮಿ ಆಗಿದೆ ಎಂದು ಅರ್ಥವಾಗಲು ನಮಗೆ ಐದು ನಿಮಿಷ ಹಿಡಿಯಿತು. ಅಂಗಡಿಯೊಂದರಲ್ಲಿ ಸಕ್ಕರೆ ನೀರು ಮಾಡಿಸಿ ಕುಡಿಸಿದೆವು. ಹತ್ತು ಹದಿನೈದು ನಿಮಿಷದಲ್ಲಿ ಸುಧಾರಿಸಿದರು. ನಂತರ ಅವರ ಕಣ್ಣಿಗೆ ಬೀಳದ ಹಾಗೆ ಅದೇ ಊರಲ್ಲಿ ಕಟ್ಟಿಸಿದ್ದ ಕರದಂಟಿನಲ್ಲಿ ಒಂದು ತುಂಡನ್ನು ನಾವೇ ಕೈಗೆ ಕೊಡಬೇಕಾಯಿತು.

"ಇನ್ನು ಆಟ ಸಾಕು ಉಪ್ಪ" ಎಂದು ನಾವು ಎಲ್ಲರೂ ಒಟ್ಟಾಗಿ ಹೇಳಿದೆವು. ಅವರು ಕಿಟಕಿ ಹೊರಗೆ ನೋಡುತ್ತಲೇ, "ಮತ್ತೆ ಕೂತು ಕೂತೇ ಹೋಗಬೇಕಾ?" ಎಂದರು. ವ್ಯಾನಿನಲ್ಲಿ ಯಾರೂ ಮಾತಾಡಲಿಲ್ಲ.

ಊರಿಗೆ ಬಂದು ಡಾಕ್ಟರರ ಹತ್ತಿರ ಹೋದೆವು. ಆಟ ನಿಲ್ಲಿಸಿ ಎಂದು ಬೈಯುತ್ತಾರೆ ಎಂದುಕೊಂಡಿದ್ದೆವು, ಬೈದದ್ದು ನಮಗೆ. ಊಟ ತಪ್ಪಿಸಿದ್ದು ತಪ್ಪು, ಆಡಿದ್ದಲ್ಲ. ಎದೆ, ಬಿ.ಪಿ. ಪರೀಕ್ಷೆ ಮಾಡಿಸಿ, ಮಾತ್ರೆಯ ಲೆಕ್ಕ ಸರಿ ಮಾಡಿಕೊಂಡು, ಬೂಟು ಹಾಕಿ, ಮೊದಲು ಹತ್ತು ನಿಮಿಷ ನಡೆದು ಮೈ ಬಿಸಿ ಮಾಡಿ, ಕಿಸೆಯಲ್ಲಿ ಗ್ಲೂಕೋಸ್ ಇಟ್ಟುಕೊಂಡು ಆಡಲಿ ಎಂದರು. ದೊಡ್ಡವರಿಗೆ ವಾರಕ್ಕೆ ಕಮ್ಮಿ ಎಂದರೂ 150 ನಿಮಿಷ ಮೈ ಬೆಚ್ಚಗಾಗುವ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 65 ದಾಟಿದವರು ಬೀಳದ ಹಾಗೆ ಸಮತೋಲನದ ವ್ಯಾಯಾಮವನ್ನೂ ವಾರಕ್ಕೆ ಮೂರು ದಿನ ಮಾಡಬೇಕು.

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 8,577 ಮಂದಿಯನ್ನು ಸುಮಾರು 25 ವರ್ಷ ಗಮನಿಸಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಗಿದೆ. ಏನೂ ಮಾಡದೆ ಕೂತವರಿಗಿಂತ ಟೆನಿಸ್ ಆಡುವವರ ಆಯುಷ್ಯ 9.7 ವರ್ಷ, ಬ್ಯಾಡ್ಮಿಂಟನ್ ಆಡುವವರದ್ದು 6.2, ಫುಟ್ಬಾಲ್ ಆಡುವವರದ್ದು 4.7 ವರ್ಷ ಹೆಚ್ಚು ಕಂಡಿತು. ಒಬ್ಬರೇ ಓಡುವವರದ್ದು 3.2, ಜಿಮ್ಮಿಗೆ ಹೋಗುವವರದ್ದು 1.5 ಮಾತ್ರ. ಆಯುಷ್ಯ ಕೊಡುವವನು ಅಲ್ಲಾಹು, ಚೆಂಡಲ್ಲ. ಟೆನಿಸ್ ಆಡುವವರು ಅನುಕೂಲಸ್ಥರೂ ಆಗಿರಬಹುದು. ಆದರೆ ನಾಲ್ಕು ಜನ ಸೇರಿ ನಗುತ್ತಾ ಆಡುವುದರಲ್ಲಿ ಏನೋ ಉಂಟು ಎಂದು ಆ ಅಧ್ಯಯನ ಮಾಡಿದವರಿಗೂ ಅನಿಸಿದೆ.

ಹುನಗುಂದದಲ್ಲಿ ಅದನ್ನೇ ಕಣ್ಣಾರೆ ಕಂಡಿದ್ದೆವು. ಬಿಸಿಲು ಇಳಿದ ಮೇಲೆ ಲೈಟ್ ಹಾಕಿಕೊಂಡು ವಾಲಿಬಾಲ್. ಒಂದೇ ನೆಟ್ಟಿನ ಆಚೆ ಈಚೆ ಕಾಲೇಜು ಹುಡುಗರೂ ಹೊಟ್ಟೆ ಬಂದವರೂ ಇದ್ದರು. ಈ ಆಟ ಹುಟ್ಟಿದ್ದೇ ಪ್ರಾಯ ಆದವರಿಗಾಗಿ ಎಂಬುದು ಎಷ್ಟು ಜನರಿಗೆ ಗೊತ್ತು? 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬಲ್ಲಿ ವಿಲಿಯಂ ಮಾರ್ಗನ್ ಎಂಬವರು, ಬಾಸ್ಕೆಟ್‌ಬಾಲಿನ ಓಟ, ನೂಕಾಟ ತಡೆಯದ ನಡುವಯಸ್ಸಿನ ವ್ಯಾಪಾರಿಗಳಿಗೆ ಎಂದು ಇದನ್ನು ಶುರು ಮಾಡಿದ್ದು. ನಡುವೆ ನೆಟ್ ಇರುವುದರಿಂದ ಮೈಗೆ ಮೈ ತಾಗುವುದಿಲ್ಲ.

ಇಳಕಲ್ಲಿನಲ್ಲಿ ಹೆಂಗಸರು ಸೀರೆ ನೋಡುತ್ತಾ ಕೂತರು. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಸೇರಿಸುವುದು ಅಲ್ಲಿನ ನೇಕಾರರ ಕೈಚಳಕ. ಉಮ್ಮನ ಕಣ್ಣು ಮಾತ್ರ ಹೊರಗೆ ಚೆಂಡು ಎಸೆಯುತ್ತಿದ್ದ ಹೆಣ್ಣುಮಕ್ಕಳ ಮೇಲೆ. ನಮ್ಮ ಉಮ್ಮ ಹೈಸ್ಕೂಲಿನಲ್ಲಿ ತ್ರೋಬಾಲ್ ತಂಡದಲ್ಲಿ ಇದ್ದರಂತೆ! ಇಷ್ಟು ವರ್ಷ ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. "ನಿಕಾಹ್ ಆದ ಮೇಲೆ ಯಾರ ಜೊತೆ ಆಡುವುದು?" ಎಂದರು. ಗಂಡಸರ ಆಟ ನಿಲ್ಲಿಸುವುದು ಅಂಗಡಿ, ಗಲ್ಫ್. ಹೆಂಗಸರ ಆಟ ಅದಕ್ಕಿಂತ ಮೊದಲೇ ನಿಲ್ಲುತ್ತದೆ, ಯಾರೂ ಲೆಕ್ಕ ಇಡುವುದಿಲ್ಲ. ಬಾಗಲಕೋಟೆ 1997ರವರೆಗೆ ಸೇರಿಕೊಂಡಿದ್ದ ವಿಜಯಪುರ ಜಿಲ್ಲೆಯವರೇ ರಾಜೇಶ್ವರಿ ಗಾಯಕ್ವಾಡ್. 2017ರ ವಿಶ್ವಕಪ್ಪಿನಲ್ಲಿ ನ್ಯೂಝಿಲ್ಯಾಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತದ್ದನ್ನು ನಾವೆಲ್ಲ ಟಿ.ವಿ. ಮುಂದೆ ಕೂತು ಚಪ್ಪಾಳೆ ತಟ್ಟಿ ನೋಡಿದವರೇ. ಉಮ್ಮ ಆಗ ಅಡುಗೆ ಕೋಣೆಯಲ್ಲಿದ್ದರು.

ಈಗ ನಮ್ಮ ಹಿತ್ತಿಲಲ್ಲಿ ಎರಡು ತೆಂಗಿನ ಮರದ ನಡುವೆ ಒಂದು ಹಗ್ಗ ಕಟ್ಟಿದೆ. ಅಸರ್ ಮುಗಿಸಿ ಮಗ್ರಿಬ್ ಬಾಂಗ್ ಆಗುವ ತನಕ ಉಮ್ಮ, ನಾದಿನಿ, ಪಕ್ಕದ ಮನೆಯ ಇಬ್ಬರು ಮತ್ತು ಮೊಮ್ಮಕ್ಕಳು ತ್ರೋಬಾಲ್ ಆಡುತ್ತಾರೆ. ಹಾರಬೇಕಿಲ್ಲ, ಹಿಡಿದು ಎಸೆದರೆ ಸಾಕು. ಉಪ್ಪ ಅಂಪಾಯರ್. ಮಂಗಳವಾರ, ಶನಿವಾರ ಮಾತ್ರ ಅವರಿಗೆ ರಜೆ, ಅವತ್ತು ತಮ್ಮ ಪ್ರಾಯದವರ ಜೊತೆ ಮೈದಾನಕ್ಕೆ ಹೋಗುತ್ತಾರೆ. ಓಡುವುದಿಲ್ಲ, ನಡೆದೇ ಫುಟ್ಬಾಲ್. ಹೊರಡುವ ಮುಂಚೆ ಉಮ್ಮ ಕಿಸೆ ಮುಟ್ಟಿ ನೋಡುತ್ತಾರೆ, ಗ್ಲೂಕೋಸ್ ಉಂಟಾ ಅಂತ.